ಅರ್ಧ ಗಂಟೆಯ ಗಡಿಬಿಡಿ, ಇಡೀ ದಿನದ ತಾಟು

ದಾವಣಗೆರೆಯ ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಸಂಜೆ ಏಳರ ಹೊತ್ತಿಗೆ ಶೇಕರ್‌ಗಳ ಸದ್ದು ಶುರುವಾಗುತ್ತದೆ. ಡಂಬೆಲ್ ಕೆಳಗಿಟ್ಟ ಹುಡುಗರು ಬೆವರು ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಬ್ಯಾಗಿಗೆ ಕೈ ಹಾಕುತ್ತಾರೆ. ಒಂದು ಸ್ಕೂಪ್ ಪ್ರೋಟೀನ್ ಪುಡಿ, ಫಿಲ್ಟರಿನ ನೀರು, ನಾಲ್ಕು ಸಲ ಅಲ್ಲಾಡಿಸಿ ನಿಂತಲ್ಲೇ ಕುಡಿದು ಮುಗಿಸುತ್ತಾರೆ. ಯಾರಾದರೂ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದರೆ ಅವರ ಮುಖ ನೋಡಬೇಕು. ಅಂದು ಎತ್ತಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎಂಬ ಸಂಕಟ ಅಲ್ಲಿ ಕಾಣುತ್ತದೆ. ಐವತ್ತು ದಾಟಿದ ನಾನು ಮೂಳೆ ಸವೆಯುತ್ತಿದೆ, ಭಾರ ಎತ್ತುವುದನ್ನು ಕಲಿಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಅಲ್ಲಿಗೆ ಹೋಗತೊಡಗಿದವಳು. ನನಗೂ ಟ್ರೈನರ್ ಮೊದಲ ವಾರವೇ ಇದನ್ನೇ ಹೇಳಿದ. "ಆಂಟಿ, ಮುಗಿದು ಅರ್ಧ ಗಂಟೆ ಒಳಗೆ ಪ್ರೋಟೀನ್ ಹೋಗ್ಬೇಕು. ಇಲ್ಲಾಂದ್ರೆ ಮಸಲ್ ಕರಗಿಹೋಗುತ್ತೆ."

ಒಳ್ಳೆಯ ಹುಡುಗ, ಶ್ರದ್ಧೆಯಿಂದ ಕಲಿಸುತ್ತಾನೆ. ಆದರೂ ಆ ಅರ್ಧ ಗಂಟೆ ನನ್ನ ತಲೆಯಲ್ಲಿ ಮುಳ್ಳು ಮುರಿದುಕೊಂಡು ಕೂತಿತು. ಇದಕ್ಕೆ ಪೂರಾ ಉಲ್ಟಾ ಮಾತನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅದನ್ನು ಹೇಳಿದವರು ಮೈ ಬೆಳೆಸುವುದರಲ್ಲಿ ಊರಿಗೇ ಹೆಸರಾದವರು.

ಗರಡಿಯ ಹೊಸಿಲಿನಾಚೆ

ಅಣ್ಣ ಗರಡಿಗೆ ಹೋಗುತ್ತಿದ್ದ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಒಂದು ಜೋಡಿಯಾದರೂ ಆಡಬೇಕು ಎನ್ನುವುದು ಅವನ ಆಸೆ. ಜಾತ್ರೆ ಹತ್ತಿರವಾದಂತೆ ಮನೆಯ ಅಡಿಗೆಯೆಲ್ಲ ಅವನ ಸುತ್ತಲೇ ತಿರುಗುತ್ತಿತ್ತು. ರಾತ್ರಿಯೇ ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಗಸಗಸೆ, ಏಲಕ್ಕಿ, ನಾಲ್ಕು ಕಾಳು ಮೆಣಸಿನ ಜೊತೆ ಅವ್ವ ಅದನ್ನು ಒರಳಲ್ಲಿ ಬೆಣ್ಣೆಯಂತೆ ಅರೆದು ಎಮ್ಮೆಯ ಹಾಲಿಗೆ ಕಲಸುತ್ತಿದ್ದಳು. ಹಿತ್ತಾಳೆಯ ಚೆಂಬಿನಲ್ಲಿ ಆ ಥಂಡಾಯಿಯನ್ನು ಗರಡಿಗೆ ಒಯ್ಯುವ ಕೆಲಸ ನನ್ನದು. ಬಾಗಿಲು ಗಿಡ್ಡ, ದೊಡ್ಡವರಾದರೆ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಹೆಣ್ಣುಮಕ್ಕಳು ಹಾಗೂ ಹೋಗುವ ಹಾಗಿರಲಿಲ್ಲ. ಹೊಸಿಲಿನಾಚೆ ನಿಂತು ಒಳಗಿನ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳುತ್ತಿದ್ದೆ. ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ, ಹನುಮಪ್ಪನ ಪಟದ ಮುಂದೆ ಉರಿದ ಕರ್ಪೂರದ ವಾಸನೆ, ಬಸ್ಕಿ ಹೊಡೆಯುವವರ ಉಸಿರಿನ ಲೆಕ್ಕ.

ಗರಡಿಯ ಗುರು ವಸ್ತಾದರು ನನ್ನನ್ನು ಕಂಡರೆ ಹೇಳುತ್ತಿದ್ದುದು ಯಾವಾಗಲೂ ಒಂದೇ. "ಅಲ್ಲೇ ಇಡವ್ವ ಚೆಂಬು. ಮೈ ಆರ್ಲಿ ಮೊದ್ಲು. ಕಾದ ಮೈಗೆ ಏನೂ ಹಾಕಬಾರ್ದು." ಅಣ್ಣ ಸಾಮು ಮುಗಿಸಿ, ಮೈಗಂಟಿದ ಮಣ್ಣು ಕೆರೆದು ತೆಗೆದು, ಗೋಡೆಗೆ ಒರಗಿ ಕೂತು ಉಸಿರು ಸಮ ಮಾಡಿಕೊಳ್ಳುತ್ತಿದ್ದ. ಚೆಂಬು ಹಾಗೇ ಇರುತ್ತಿತ್ತು. ಅಷ್ಟು ಹೊತ್ತೂ ವಸ್ತಾದರು ಹುಡುಗರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದರು. "ಮಧ್ಯಾಹ್ನ ಏನ್ ಉಂಡಿ? ರೊಟ್ಟಿ ಎಷ್ಟು? ರಾತ್ರಿ ನಿದ್ದಿ ಆತಾ?" ಎಷ್ಟು ಹೊತ್ತಿಗೆ ಉಂಡೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಏನು, ಎಷ್ಟು, ನಿದ್ದೆ, ಈ ಮೂರನ್ನೇ ಕೇಳುತ್ತಿದ್ದರು.

ಹಳಬರು ಹೇಳಿದ್ದೆಲ್ಲ ಸರಿ ಎಂದು ವಾದಿಸಲು ಇದನ್ನು ಬರೆಯುತ್ತಿಲ್ಲ. ಕಾದ ಮೈಗೆ ಹಾಲು ಬಿದ್ದರೆ ಕೇಡು ಎನ್ನುವುದಕ್ಕೆ ಆಧಾರವಿಲ್ಲ. ಹೊಟ್ಟೆ ತೊಳೆಸದಿದ್ದರೆ ಆಗಲೇ ಕುಡಿಯಬಹುದು. ಆದರೆ ಗಡಿಯಾರ ನೋಡದೆ, ಚೆಂಬನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಕುಡಿದ ಆ ಗರಡಿಯಿಂದ ಗಟ್ಟಿಮುಟ್ಟಾದ ಮೈಗಳು ಹೊರಬಂದವಲ್ಲ, ಅರ್ಧ ಗಂಟೆಯ ನಿಯಮ ಅಷ್ಟು ಕಟ್ಟುನಿಟ್ಟಿನದಾಗಿದ್ದರೆ ಅದು ಹೇಗೆ ಸಾಧ್ಯವಾಯಿತು?

ಆ ಅರ್ಧ ಗಂಟೆ ಬಂದದ್ದು ಎಲ್ಲಿಂದ

ಓದುತ್ತ ಹೋದೆ. ಈ ಗಡಿಬಿಡಿಗೆ ಒಂದಲ್ಲ, ಎರಡು ಬೇರುಗಳಿವೆ. 1988ರಲ್ಲಿ ಅಮೆರಿಕದ ಜಾನ್ ಐವಿ ಮತ್ತು ಸಂಗಡಿಗರು ಸೈಕಲ್ ಸವಾರರನ್ನು ಚೆನ್ನಾಗಿ ದಣಿಸಿ, ಕೆಲವೊಮ್ಮೆ ಆಗಲೇ, ಕೆಲವೊಮ್ಮೆ ಎರಡು ಗಂಟೆ ತಡೆದು ಸಕ್ಕರೆಯ ಪೇಯ ಕುಡಿಸಿದರು. ತಡವಾಗಿ ಕುಡಿಸಿದಾಗ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ದುಡಿಮೆಗೆಂದು ಮೈ ಕೂಡಿಡುವ ಸಕ್ಕರೆ, ತುಂಬಿಕೊಳ್ಳುವ ವೇಗ ಕಡಿಮೆಯಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಮತ್ತೊಮ್ಮೆ ಮೈ ದಂಡಿಸುವವರಿಗೆ ಇದು ಮುಖ್ಯವಾದ ಮಾತು. ವಾರಕ್ಕೆ ಮೂರು ನಾಲ್ಕು ಸಂಜೆ ಒಂದೊಂದು ಗಂಟೆ ಭಾರ ಎತ್ತುವ ನಮಗೆ ನಾಳೆಯವರೆಗೂ ಸಮಯವಿದೆ. ಆ ಹೊತ್ತಿಗೆ ಅನ್ನ, ರೊಟ್ಟಿಯಿಂದಲೇ ಅದು ತುಂಬಿಕೊಂಡಿರುತ್ತದೆ.

ಎರಡನೆಯದು ನನ್ನ ವಯಸ್ಸಿನವರಿಗೆ ಸಂಬಂಧಿಸಿದ್ದು, ಅದಕ್ಕೇ ಎರಡು ಸಲ ಓದಿದೆ. 2001ರಲ್ಲಿ ಡೆನ್ಮಾರ್ಕಿನಲ್ಲಿ ಎಪ್ಪತ್ತು ದಾಟಿದ 13 ಗಂಡಸರಿಗೆ 12 ವಾರ ಭಾರ ಎತ್ತಿಸಿ, ಅರ್ಧದಷ್ಟು ಜನಕ್ಕೆ ತಕ್ಷಣವೇ, ಉಳಿದವರಿಗೆ ಎರಡು ಗಂಟೆಯ ಮೇಲೆ 10 ಗ್ರಾಂ ಪ್ರೋಟೀನ್ ಇರುವ ಪೇಯ ಕೊಟ್ಟರು. ತಕ್ಷಣ ಕುಡಿದವರ ಸ್ನಾಯು ಬೆಳೆಯಿತು, ತಡವಾಗಿ ಕುಡಿದವರದು ಬೆಳೆಯಲಿಲ್ಲ. ಜಗತ್ತಿನ ಜಿಮ್ಮುಗಳ ಗೋಡೆಯ ಮೇಲೆ ಬರೆಯಲು ಇಷ್ಟು ಸಾಕಾಯಿತು. ಆದರೆ ಇದ್ದದ್ದು ಹದಿಮೂರೇ ಜನ. ಎರಡು ಗಂಟೆ ಕಾದ ಮಾತ್ರಕ್ಕೆ ಮೂರು ತಿಂಗಳ ದುಡಿಮೆ ಸ್ನಾಯುವಿನ ಮೇಲೆ ಗುರುತೇ ಬಿಡಲಿಲ್ಲ ಎನ್ನುವುದು ನಂಬಲು ಕಷ್ಟವಾದ ಸಂಗತಿ. 2013ರಲ್ಲಿ ಬ್ರಾಡ್ ಶೋನ್‌ಫೆಲ್ಡ್, ಅಲನ್ ಆರಗಾನ್, ಜೇಮ್ಸ್ ಕ್ರೀಗರ್ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ವಿಷಯ ತಿಳಿಯಾಯಿತು. ವ್ಯಾಯಾಮದ ಹೊತ್ತಿಗೆ ಸರಿಯಾಗಿ ಪ್ರೋಟೀನ್ ತೆಗೆದುಕೊಂಡವರು ಮುಂದೆ ಇದ್ದಂತೆ ಕಂಡದ್ದಕ್ಕೆ ಕಾರಣ ಹೊತ್ತಲ್ಲ, ಅವರು ದಿನದ ಲೆಕ್ಕದಲ್ಲಿ ಹೆಚ್ಚು ಪ್ರೋಟೀನ್ ತಿಂದಿದ್ದರು. ಆ ವ್ಯತ್ಯಾಸವನ್ನು ತೆಗೆದುಹಾಕಿದರೆ ಹೊತ್ತಿನ ಮಹಿಮೆ ಉಳಿಯಲಿಲ್ಲ.

ಮೈಯ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದರೂ ಇದು ಸರಿಹೊಂದುತ್ತದೆ. ಭಾರ ಎತ್ತಿದ ಮೇಲೆ ಸ್ನಾಯು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ಚುರುಕು ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಇರುತ್ತದೆ. ಮಧ್ಯಾಹ್ನ ಎರಡಕ್ಕೆ ಉಂಡ ಕಾಳು, ಮೊಸರು ಸಂಜೆ ಆರಕ್ಕೂ ಕರುಳಿನಿಂದ ರಕ್ತಕ್ಕೆ ಇಳಿಯುತ್ತಿರುತ್ತದೆ. ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಬಂದು ಎತ್ತುವವರು ಮಾತ್ರ ಮುಗಿದ ಮೇಲೆ ಬೇಗ ತಿಂಡಿ ತಿನ್ನುವುದು ಒಳ್ಳೆಯದು. ಹಾಗೆ ಬೇಗ ತಿನ್ನಲು ಅವರ ಹಸಿವೇ ನೆನಪಿಸುತ್ತದೆ.

ಬಟ್ಟೆ ಅಂಗಡಿಯ ಹುಡುಗ

ಇಷ್ಟು ತಿಳಿದ ಮೇಲೆ ನನ್ನ ಕಣ್ಣು ಶೇಕರ್ ಬಿಟ್ಟು ತಾಟಿನ ಕಡೆ ತಿರುಗಿತು. ನನ್ನ ಪಕ್ಕದ ಬೆಂಚಿನಲ್ಲಿ ಎತ್ತುವ ಒಬ್ಬ ಹುಡುಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸಿ, ಮಡಿಸಿ, ಮತ್ತೆ ಬಿಚ್ಚಿ, ಅಲ್ಲಿಂದ ನೇರ ಜಿಮ್ಮಿಗೆ ಬರುತ್ತಾನೆ. ಒಂದು ಸಂಜೆ ಸಪ್ಪಗಿದ್ದ. ತಿಂಗಳಿಂದ ಬಾರ್‌ಗೆ ಒಂದು ಪ್ಲೇಟೂ ಹೆಚ್ಚಿಸಲಾಗಿಲ್ಲ ಎಂದ. ಪುಡಿ ಬದಲಾಯಿಸಬೇಕೇನೋ, ಇನ್ನೊಂದು ಕಂಪನಿಯದು ಚೆನ್ನಾಗಿದೆಯಂತೆ, ಆದರೆ ಸಂಬಳದ ಎಷ್ಟೋ ಪಾಲು ಅದಕ್ಕೇ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ವಸ್ತಾದರ ಪ್ರಶ್ನೆಯೇ ನನ್ನ ಬಾಯಿಗೆ ಬಂತು. "ಮಧ್ಯಾಹ್ನ ಏನ್ ಊಟ ಮಾಡಿದಿ ತಮ್ಮಾ?" ಎಂದೆ.

"ಚಿತ್ರಾನ್ನ ಆಂಟಿ. ಡಬ್ಬಿ ತಂದಿದ್ದೆ." ಬೆಳಿಗ್ಗೆ? "ಇಡ್ಲಿ." ಇಲ್ಲಿಗೆ ಬರುವ ಮುಂಚೆ? "ಮಂಡಕ್ಕಿ, ಮೆಣಸಿನಕಾಯಿ, ಚಾ." ರಾತ್ರಿ? "ಅನ್ನ ಸಾರು." ಸಾರಿನಲ್ಲಿ ಬೇಳೆ ಇರುತ್ತದೆಯೇ ಎಂದರೆ ಸ್ವಲ್ಪ ಯೋಚಿಸಿ, "ಇರುತ್ತೆ, ತಳದಲ್ಲಿ" ಎಂದ.

ಇಬ್ಬರೂ ಅಲ್ಲೇ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಅವನ ತೂಕ 70 ಕೆ.ಜಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ, ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ ಏನೂ ಎತ್ತದೆ ಕೂತಿದ್ದರೂ ಅವನಿಗೆ ಸುಮಾರು 58 ಗ್ರಾಂ ಬೇಕು. ಭಾರ ಎತ್ತುವವರ ಮೇಲೆ ನಡೆದ 49 ಪ್ರಯೋಗಗಳನ್ನು 2018ರಲ್ಲಿ ಒಟ್ಟು ಹಾಕಿ ನೋಡಿದವರಿಗೆ, ಕೆ.ಜಿ.ಗೆ 1.6 ಗ್ರಾಂವರೆಗೆ ಪ್ರೋಟೀನ್ ಹೆಚ್ಚಿದಷ್ಟೂ ಸ್ನಾಯುವಿಗೆ ಲಾಭ ಇದೆ, ಅದರಾಚೆ ಹೆಚ್ಚೇನೂ ಸಿಗುವುದಿಲ್ಲ ಎಂದು ಕಂಡಿತ್ತು. ಅವನ ತೂಕಕ್ಕೆ ಅದು 112 ಗ್ರಾಂ. ಅವನ ಇಡ್ಲಿ, ಚಿತ್ರಾನ್ನ, ಮಂಡಕ್ಕಿ, ಅನ್ನ ಸಾರು ಎಲ್ಲ ಕೂಡಿದರೂ 40 ಗ್ರಾಂ ದಾಟುವುದು ಅನುಮಾನ. ಅದರ ಮೇಲೆ ಒಂದು ಸ್ಕೂಪಿನ 24. ಒಂದು ನಿಮಿಷವೂ ತಡಮಾಡದೆ ಕುಡಿಯುತ್ತಿದ್ದ ಆ ಸ್ಕೂಪು ಅವನನ್ನು ಸುಮ್ಮನೆ ಕೂತವನ ಲೆಕ್ಕಕ್ಕೆ ಮಾತ್ರ ತಂದು ಬಿಡುತ್ತಿತ್ತು. ಅರ್ಧ ಗಂಟೆಯನ್ನು ಅಷ್ಟು ನಿಷ್ಠೆಯಿಂದ ಕಾದ ಹುಡುಗನಿಗೆ ಉಳಿದ ಇಪ್ಪತ್ಮೂರೂವರೆ ಗಂಟೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಇದು ನನಗೆ ತುಂಬ ಬೇಸರ ತರಿಸಿದ ಸಂಗತಿ. ತಾಟಿನಲ್ಲಿ ಏನಿದೆ ಎಂದು ಕೇಳುವುದರಿಂದ ಯಾವ ಡಬ್ಬಿಯೂ ಮಾರಾಟವಾಗುವುದಿಲ್ಲ, ಕೇಳದಿರುವುದಕ್ಕೆ ಅದೂ ಒಂದು ಕಾರಣ ಎಂದೇ ನಾನು ತಿಳಿದಿದ್ದೇನೆ.

ಕಟ್ಟಿನ ಸಾರು

ಅವನ ತಾಟು ನೋಡಿದ ಮೇಲೆ ನನ್ನದನ್ನೂ ನೋಡಬೇಕಾಯಿತು. ನಮ್ಮದು ಮೊಟ್ಟೆ, ಮಾಂಸ ಇಲ್ಲದ ಮನೆ. ಹಾಗೆಂದು ಕಾಳಿಗೆ ಕೊರತೆ ಇದ್ದ ಮನೆಯಲ್ಲ. ಹುರುಳಿ, ಅಲಸಂದೆ, ಹೆಸರು, ಕಡಲೆ, ಶೇಂಗಾ ಎಲ್ಲ ಮೂಟೆಯಲ್ಲಿ ಬರುತ್ತಿದ್ದವು. ಹುರುಳಿಯನ್ನು ಅವ್ವ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತಿದ್ದಳು. ಆ ಸಾರಿನ ರುಚಿ ಇಂದಿಗೂ ನಾಲಿಗೆಯಲ್ಲಿದೆ. ಬೆಂದ ಕಾಳಿನಲ್ಲಿ ಒಂದು ಹಿಡಿ ಪಲ್ಯಕ್ಕೆ, ಉಳಿದದ್ದೆಲ್ಲ ಕಲಗಚ್ಚಿನ ಬಾನಿಗೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಯಿಸಿ ಬಸಿದರೂ ಅದರ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಹಾಗಾಗಿ ಕಾಳು ಎಮ್ಮೆಗೆ, ಎಮ್ಮೆಯ ಹಾಲು ಅಣ್ಣನಿಗೆ, ಕಟ್ಟಿನ ಸಾರು ಅವ್ವನಿಗೆ ಮತ್ತು ನನಗೆ. ಯಾರೂ ಕೂತು ಹೀಗೆ ಹಂಚಿದ್ದಲ್ಲ. ಅಣ್ಣನ ಮೇಲೆ ನನಗೆ ಮುನಿಸೂ ಇಲ್ಲ, ಅವನು ಅರ್ಧ ಚೆಂಬು ನನಗೆ ಉಳಿಸಿದ ದಿನಗಳಿವೆ. ಆದರೆ ಗಂಡಸರು ಉಂಡೆದ್ದ ಮೇಲೆ ತಳದ ಸಾರಿಗೆ ನೀರು ಬೆರೆಸಿಕೊಂಡು ಉಂಡ ಅವ್ವ ಅರವತ್ತಕ್ಕೇ ಬೆನ್ನು ಬಾಗಿ ನಡೆದದ್ದನ್ನೂ ನಾನು ನೋಡಿದ್ದೇನೆ. ಮೂಳೆ ಸವೆಯಲು ಕಾರಣ ಹಲವು ಇರುತ್ತವೆ. ಉಣ್ಣದೆ ಹೋದ ಕಾಳೂ ಅದರಲ್ಲಿ ಒಂದಿರಬಹುದು ಎಂಬ ಯೋಚನೆ ಮಾತ್ರ ನನ್ನನ್ನು ಬಿಡುವುದಿಲ್ಲ.

ವಯಸ್ಸಾದಂತೆ ಸ್ನಾಯುವಿಗೆ ಕಿವಿ ಮಂದವಾಗುತ್ತದೆ, ಸಣ್ಣ ಪ್ರಮಾಣದ ಪ್ರೋಟೀನ್ ಅದಕ್ಕೆ ಕೇಳಿಸುವುದೇ ಇಲ್ಲ. ಎಳೆಯರಿಗೆ ಒಂದು ಹೊತ್ತಿನ ಊಟದಲ್ಲಿ ಕೆ.ಜಿ.ಗೆ ಕಾಲು ಗ್ರಾಂ ಸಾಕಾದರೆ, ವಯಸ್ಸಾದವರಿಗೆ 0.4 ಗ್ರಾಂ ಹತ್ತಿರ ಬೇಕಾಗುತ್ತದೆ. 60 ಕೆ.ಜಿ. ತೂಗುವ ನನಗೆ ಒಂದು ಊಟಕ್ಕೆ 24 ಗ್ರಾಂ ಎಂದಾಯಿತು. ಎರಡು ರೊಟ್ಟಿ, ತಿಳಿ ಸಾರು, ಅನ್ನ ಮಜ್ಜಿಗೆ ಎಂದರೆ ಅದರ ಅರ್ಧವನ್ನು ಸ್ವಲ್ಪ ದಾಟಬಹುದು ಅಷ್ಟೆ. ಈಗ ಬೆಳಿಗ್ಗೆ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು. ಮಧ್ಯಾಹ್ನ ಜೋಳದ ರೊಟ್ಟಿಗೆ ಹುರುಳಿ ಉಸಳಿ ತಾಟು ತುಂಬ. ಈಗ ಕಟ್ಟೂ ನನ್ನದೇ, ಕಾಳೂ ನನ್ನದೇ. ಸಂಜೆ ಜಿಮ್ಮಿಗೆ ಹೊರಡುವ ಒಂದು ಗಂಟೆ ಮುಂಚೆ ಬಾಳೆಹಣ್ಣು. ಬಂದ ಮೇಲೆ ಮೈ ಆರಿಸಿಕೊಂಡು ಕಾಲು ಲೀಟರ್ ಹಾಲು, ಒಂದು ಹಿಡಿ ಹುರಿದ ಶೇಂಗಾ. ರಾತ್ರಿ ಅನ್ನಕ್ಕೆ ಗಟ್ಟಿ ಬೇಳೆ, ಒಂದಿಷ್ಟು ಪನೀರ್. ಎಲ್ಲ ಕೂಡಿದರೆ 80 ಗ್ರಾಂ ಆಸುಪಾಸು.

ಹೊತ್ತು ನೋಡಬೇಕಾದ ಜಾಗ ಒಂದಿದೆ, ಅದು ಹೊಟ್ಟೆಯ ನೆಮ್ಮದಿ. ಉಸಳಿ ತಿಂದ ಒಂದು ಗಂಟೆಗೆ ಸ್ಕ್ವಾಟ್ ಮಾಡಲು ಹೋದರೆ ಕಾಳು ಗಂಟಲಿಗೆ ಬರುತ್ತದೆ. ಕಾಳು, ಎಣ್ಣೆ ಪದಾರ್ಥ ಮೂರು ಗಂಟೆ ಮುಂಚೆಯೇ ಮುಗಿಯಬೇಕು. ಕಾಳು ತಿಂದು ರೂಢಿಯಿಲ್ಲದವರು ಒಮ್ಮೆಲೇ ಹೆಚ್ಚಿಸದೆ, ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಇಂಗು ಹಾಕಿ, ವಾರದಿಂದ ವಾರಕ್ಕೆ ಏರಿಸಿದರೆ ವಾಯುವಿನ ಕಾಟ ಇರುವುದಿಲ್ಲ.

ಡಬ್ಬಿಗಳ ಬಗ್ಗೆ

ನಾನು ಪುಡಿಯ ವೈರಿಯಲ್ಲ. ಡಬ್ಬಿಗಳ ಮೇಲೆ ಕಾಣುವ ವೇ (whey) ಎಂದರೆ ಹಾಲು ಒಡೆದಾಗ ಬಸಿದುಹೋಗುವ ತಿಳಿನೀರಿನ ಸಾರ, ಹಾಲಿನ ಪ್ರೋಟೀನಿನ ಐದರಲ್ಲಿ ಒಂದು ಪಾಲು. ಬೆಂಗಳೂರಿನ ಪಿಜಿಯಲ್ಲಿ ಮೂರು ಹೊತ್ತೂ ಬಾತು ತಿನ್ನುವ ಮಕ್ಕಳಿಗೆ ಅದು ನಿಜವಾಗಿ ಅನುಕೂಲ. ದೇಹ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಯೂಟ ಸಿಗದವರ ಮಟ್ಟಿಗೆ ಆ ಮಾತು ತುಸು ಬಿಗಿಯಾಯಿತು ಎಂದು ನನಗನ್ನಿಸುತ್ತದೆ. ಆದರೆ ಡಬ್ಬಿಯ ಮೇಲೆ ಬರೆದದ್ದೆಲ್ಲ ಒಳಗೆ ಇರುತ್ತದೆ ಎಂದು ನಂಬುವ ಹಾಗಿಲ್ಲ. 2024ರಲ್ಲೇ ಕೇರಳದ ವೈದ್ಯರ ನೇತೃತ್ವದಲ್ಲಿ ನಮ್ಮ ಮಾರುಕಟ್ಟೆಯ 36 ಪುಡಿಗಳ ಪರೀಕ್ಷೆಯ ಫಲಿತಾಂಶ ಹೊರಬಂತು. ಹತ್ತರಲ್ಲಿ ಏಳರಷ್ಟು ಡಬ್ಬಿಗಳ ಮೇಲಿನ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು, ಕೆಲವುದರಲ್ಲಿ ಹೇಳಿದ್ದರ ಅರ್ಧವೇ ಇತ್ತು, ಇನ್ನು ಕೆಲವುದರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಸಿಕ್ಕಿತು. ಪ್ರೋಟೀನನ್ನು ಸಾಮಾನ್ಯವಾಗಿ ಅದರಲ್ಲಿರುವ ನೈಟ್ರೋಜನ್ ಅಳೆದು ಲೆಕ್ಕ ಹಾಕುತ್ತಾರೆ. ಗ್ಲೈಸೀನ್, ಟಾರೀನ್‌ನಂಥ ಅಗ್ಗದ ಪುಡಿ ಬೆರೆಸಿದರೂ ನೈಟ್ರೋಜನ್ ಏರುತ್ತದೆ, ಸ್ನಾಯುವಿಗೆ ಬೇಕಾದದ್ದು ಮಾತ್ರ ಏರುವುದಿಲ್ಲ. ಬಿಡಿಯಾಗಿ ಕಟ್ಟಿಕೊಡುವ ಪುಡಿಯನ್ನಂತೂ ಯಾರೂ ತರಬೇಡಿ.

ಭಾರ ಎತ್ತುವ ಹೊತ್ತಿಗೆ ಸ್ನಾಯುವಿಗೆ ಚುರುಕಾಗಿ ಶಕ್ತಿ ಒದಗಿಸುವ ಕ್ರಿಯೇಟಿನ್ ಮಾತು ಬೇರೆ. ಇಷ್ಟು ದೀರ್ಘವಾಗಿ ಪರೀಕ್ಷೆಗೊಳಗಾಗಿ ನಿಂತ ಇನ್ನೊಂದು ಪುಡಿ ಈ ಅಂಗಡಿಗಳಲ್ಲಿ ಇಲ್ಲವೆನ್ನಬಹುದು. ಮೈ ತಾನಾಗಿ ದಿನಕ್ಕೆ ಸುಮಾರು ಒಂದು ಗ್ರಾಂ ಮಾಡಿಕೊಳ್ಳುತ್ತದೆ, ಮಾಂಸ ಮೀನು ತಿನ್ನುವವರಿಗೆ ಊಟದಿಂದ ಇನ್ನಷ್ಟು ಸಿಗುತ್ತದೆ. ಕಾಳು ಸೊಪ್ಪಿನಲ್ಲಿ ಅದಿಲ್ಲ, ಹಾಲಿನಲ್ಲಿ ಇರುವುದು ಅತ್ಯಲ್ಪ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಕಡಿಮೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ ಸಾಕು. ಮುಂಚೆಯೋ ಆಮೇಲೋ ಎಂಬ ಚಿಂತೆ ಬೇಡ, ಬಿಡದೆ ತೆಗೆದುಕೊಂಡರೆ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ನಾನು ಮಜ್ಜಿಗೆಗೆ ಕಲಸಿ ಕುಡಿಯುತ್ತೇನೆ. ಒಂದು ಎಚ್ಚರಿಕೆ: ಇದನ್ನು ತೆಗೆದುಕೊಳ್ಳುವವರ ರಕ್ತಪರೀಕ್ಷೆಯಲ್ಲಿ, ಕಿಡ್ನಿ ಚೆನ್ನಾಗಿದ್ದರೂ, ಕಿಡ್ನಿಯ ಕೆಲಸ ತಿಳಿಯಲು ನೋಡುವ ಕ್ರಿಯಾಟಿನಿನ್ ತುಸು ಹೆಚ್ಚು ಕಾಣಬಹುದು. ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಕಿಡ್ನಿಯ ತೊಂದರೆ ಈಗಾಗಲೇ ಇರುವವರು ಕೇಳದೆ ಮುಟ್ಟಬೇಡಿ.

ಇನ್ನು ಹುಡುಗರು ಎತ್ತುವ ಮುಂಚೆ ಕುಡಿಯುವ ಬಣ್ಣದ ಪ್ರೀವರ್ಕೌಟ್. ಕುಡಿದಾಗ ಮುಖ, ಕೈ ಜುಮುಜುಮು ಎನ್ನುವುದು ಅದರಲ್ಲಿ ಬೆರೆಸುವ ಬೀಟಾ ಅಲನೈನ್ ಎಂಬ ಅಂಶದಿಂದ. ಅದು ಶಕ್ತಿ ಬಂದ ಗುರುತಲ್ಲ, ಚರ್ಮದ ನರಗಳ ಸ್ಪಂದನೆ. ಅದರ ಉಪಯೋಗ ಏನಿದ್ದರೂ ವಾರಗಟ್ಟಲೆ ತೆಗೆದುಕೊಂಡ ಮೇಲೆ. ಅಂದಿನ ಹುರುಪು ಕೊಡುವುದು ಕೆಫೀನ್, ಅದನ್ನು ಒಂದು ಲೋಟ ಫಿಲ್ಟರ್ ಕಾಫಿಯೂ ಕೊಡುತ್ತದೆ. ಕುಡಿದ ಕೆಫೀನಿನ ಅರ್ಧ ಐದು ಗಂಟೆಯ ಮೇಲೂ ಮೈಯಲ್ಲಿರುತ್ತದೆ. ಸಂಜೆ ಏಳಕ್ಕೆ ಒಂದು ದೊಡ್ಡ ಸ್ಕೂಪ್ ಕುಡಿದವನಿಗೆ ನಡುರಾತ್ರಿಯಲ್ಲೂ ಗಟ್ಟಿ ಕಾಫಿ ಕುಡಿದಂತೆಯೇ ಇರುತ್ತದೆ. ನಿದ್ದಿ ಆತಾ ಎಂದು ಅಂಥವನನ್ನು ಇವತ್ತು ಕೇಳುವವರು ಯಾರು?

ಉಪವಾಸದ ದಿನಗಳು

ನನ್ನ ಓರಗೆಯ ಹೆಂಗಸರು ಈಗ ಮೂರ್ನಾಲ್ಕು ಮಂದಿ ಜಿಮ್ಮಿಗೆ ಬರುತ್ತಾರೆ. ಅವರು ನನ್ನನ್ನು ಹೆಚ್ಚಾಗಿ ಕೇಳುವುದು ಉಪವಾಸದ ಬಗ್ಗೆ. ಶ್ರಾವಣದ ಸೋಮವಾರ, ಸಂಕಷ್ಟಿ, ಶಿವರಾತ್ರಿ, ಇವನ್ನು ಬಿಡಲು ಅವರಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅಂದು ಭಾರ ಎತ್ತುವುದನ್ನು ಮರುದಿನಕ್ಕೆ ಹಾಕಿಕೊಳ್ಳಿ ಎನ್ನುತ್ತೇನೆ, ಸ್ನಾಯು ಒಂದು ದಿನಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ. ಫಲಾಹಾರ ನಡೆಯುವ ಮನೆಗಳಲ್ಲಿ ಸಾಬುದಾಣಿಯೊಂದನ್ನೇ ತಿಂದು ದಿನ ಕಳೆಯಬೇಡಿ, ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನಿಲ್ಲ. ಅದರ ಖಿಚಡಿಗೆ ಶೇಂಗಾ ಪುಡಿ ಧಾರಾಳವಾಗಿ ಬೀಳಲಿ, ಮೊಸರು ಎರಡು ಬಟ್ಟಲಾಗಲಿ, ರಾತ್ರಿ ಹಾಲು ತಪ್ಪದಿರಲಿ. ಮರುದಿನ ಪಾರಣೆಯ ಅಡಿಗೆಗೆ ಕಡಲೆಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿಡಿ. ಬಡಿಸುವಾಗ ಕಾಳಿನ ಸೌಟನ್ನು ಮೊದಲು ನಿಮ್ಮ ತಾಟಿಗೇ ಹಾಕಿಕೊಳ್ಳಿ ಎಂದೂ ಹೇಳುತ್ತೇನೆ. ಈ ಕೊನೆಯದಕ್ಕೆ ಎಲ್ಲರೂ ನಗುತ್ತಾರೆ, ಒಬ್ಬಳು ಮಾತ್ರ ಈಚೆಗೆ ಹಾಗೆ ಮಾಡಲು ಶುರುಮಾಡಿದ್ದಾಳೆ.